ಬೆಳಕಿಗೊಂದು ಕಿಂಡಿ, ಗಾಳಿಗೆರಡು

ತಲೆಕೆಳಗಾದ ಗೋಪುರ

ಹಂಪೆಯ ವಿರೂಪಾಕ್ಷನ ದರ್ಶನಕ್ಕೆಂದು ಹೋದವರಲ್ಲಿ ಬಹುಮಂದಿ, ದೇವರಿಗೆ ಕೈಮುಗಿದು ತೀರ್ಥವನ್ನು ಕಣ್ಣಿಗೊತ್ತಿಕೊಂಡ ಮೇಲೆ, ಗುಡಿಯ ಹಿಂಬದಿಯ ಮೆಟ್ಟಿಲುಗಳನ್ನೇರಿ ಒಂದು ಕತ್ತಲೆಯ ಕೋಣೆಯನ್ನು ಹೊಕ್ಕು, ಅಲ್ಲಿಯ ಗೋಡೆಯ ಮೇಲೆ ಪೂರ್ವದಿಕ್ಕಿನ ಮಹಾಗೋಪುರವು ಕಳಶ ಕೆಳಗಾಗಿ ಬುಡ ಮೇಲಾಗಿ ಮೂಡಿರುವುದನ್ನು ನೋಡದೆ ಹಿಂದಿರುಗುವುದಿಲ್ಲ. ಒಂಬತ್ತು ನೆಲೆಗಳ, ಸುಮಾರು 50 ಮೀಟರು ಎತ್ತರದ ಆ ಕಟ್ಟಡವನ್ನು ಎದುರುಗೋಡೆಯ ಪುಟ್ಟ ಕಿಂಡಿಯೊಂದು ಹೇಗೆ ನುಂಗಿತು, ನುಂಗಿದ್ದನ್ನು ತಲೆಕೆಳಗು ಮಾಡಿ ಏಕೆ ಉಗುಳಿತು ಎಂಬ ಪ್ರಶ್ನೆಗೆ ಒಬ್ಬೊಬ್ಬರ ಉತ್ತರ ಒಂದೊಂದು ಬಗೆ. ಭಕ್ತರಿಗೆ ಅದು ಮಹಿಮೆ; ದಾರಿ ತೋರಿಸುವ ಗೈಡಿಗೆ ಶಿಲ್ಪಿಯ ಚಮತ್ಕಾರ; ಶಾಲೆಯ ಹುಡುಗರಿಗೆ ಪಾಠಪುಸ್ತಕದಲ್ಲಿ ಓದಿ ಅರ್ಧ ಮರೆತ ಸೂಜಿರಂಧ್ರದ ಕ್ಯಾಮೆರಾ. ಎಲ್ಲರೂ ಅದನ್ನು ನೆರಳೆಂದೇ ಕರೆಯುವರು. ಶಾಸ್ತ್ರದ ಮಾತಿನಲ್ಲಿ ಅದು ಬಿಂಬ.

ಬೆಳಕಿಗೆ ನೆಟ್ಟಗೆ ನಡೆಯುವುದೊಂದೇ ಗೊತ್ತು. ಗೋಪುರದ ತುದಿಯಿಂದ ದಾರವೊಂದನ್ನು ಬಿಗಿಯಾಗಿ ಎಳೆದು, ಕಿಂಡಿಯಲ್ಲಿ ತೂರಿಸಿ, ಒಳಗೋಡೆಗೆ ಮೊಳೆ ಹೊಡೆದು ಕಟ್ಟುವೆವೆಂದು ಭಾವಿಸಿರಿ. ಮೇಲಿನಿಂದ ಇಳಿದು ಬಂದ ದಾರವು ಕಿಂಡಿಯನ್ನು ದಾಟಿದ ಮೇಲೂ ಇಳಿಯುತ್ತಲೇ ಹೋಗಿ ಗೋಡೆಯ ಕೆಳಭಾಗವನ್ನು ಮುಟ್ಟುವುದು. ಬುಡದಿಂದ ಎಳೆದ ದಾರವು ಅದಕ್ಕಿಂತ ಮೇಲೆ ಹೋಗಿ ತಾಕುವುದು. ದಾರಗಳೆಲ್ಲವೂ ಕಿಂಡಿಯಲ್ಲಿ ಒಂದನ್ನೊಂದು ಹಾಯ್ದುಹೋಗುವುದರಿಂದ ಒಳಗಿನ ಗೋಪುರಕ್ಕೆ ಶೀರ್ಷಾಸನ ತಪ್ಪಿದ್ದಲ್ಲ. 11ನೆಯ ಶತಮಾನದ ಆದಿಭಾಗದಲ್ಲಿ ಕೈರೋ ನಗರದಲ್ಲಿದ್ದ ಇಬ್ನ್ ಅಲ್-ಹೈಥಮ್ ಎಂಬ ಪಂಡಿತನು ಕತ್ತಲಕೋಣೆ ಮತ್ತು ಕಿಂಡಿಗಳನ್ನಿಟ್ಟುಕೊಂಡೇ ಬೆಳಕಿನ ಈ ಋಜುನಡಿಗೆಯನ್ನು ಪರೀಕ್ಷಿಸಿದನು. ನಾವು ಜೇಬಿನಲ್ಲಿಟ್ಟು ತಿರುಗುವ ಕ್ಯಾಮೆರಾದ ಹೆಸರಿನ ಮೂಲವೂ ಲ್ಯಾಟಿನ್ ಭಾಷೆಯಲ್ಲಿ ‘ಕೋಣೆ’ ಎಂಬ ಅರ್ಥದ ಒಂದು ಶಬ್ದ. ಎಂದ ಮೇಲೆ, ಗೋಡೆಯಲ್ಲೊಂದು ತೂತುಳ್ಳ ಯಾವ ಕೋಣೆಯೂ ಕ್ಯಾಮೆರಾವೇ. ನೀವು ಕುಳಿತು ಓದುತ್ತಿರುವ ಕೋಣೆಯೂ ಕೂಡ.

ಬಾಗಿಲು ಕಿಟಕಿಗಳನ್ನು ಆರಿಸುವ ವಿಷಯವನ್ನು ಬಡಗಿಯ ಅಂಗಡಿಯಿಂದ ಪ್ರಾರಂಭಿಸದೆ ಗುಡಿಯಿಂದ ಪ್ರಾರಂಭಿಸಿದ್ದಕ್ಕೆ ಕಾರಣವುಂಟು. ಮನೆ ಕಟ್ಟಿಸುವವರು ಮೇಸ್ತ್ರಿಯ ಮುಂದೆ ನಿಂತು ‘ಗಾಳಿ ಬೆಳಕು ಚೆನ್ನಾಗಿರಬೇಕು’ ಎಂದು ಒಂದೇ ಉಸಿರಿನಲ್ಲಿ ಹೇಳುವರು. ಜೋಡುನುಡಿಯಲ್ಲಿ ಅಕ್ಕಪಕ್ಕ ಕುಳಿತ ಈ ಎರಡೂ ಸ್ವಭಾವದಲ್ಲಿ ಎಷ್ಟು ದೂರವೆಂಬುದನ್ನು ತಿಳಿಯದಿರುವುದೇ, ನಾನು ನೋಡಿದ ಬಹಳಷ್ಟು ಹೊಸ ಮನೆಗಳ ಸೆಕೆಗೆ ಮೂಲವೆಂದು ನನ್ನ ಎಣಿಕೆ.

ಕಿಟಕಿ ಕಂಡದ್ದು ಕೋಣೆಗೆ ಬಂದದ್ದು

ವಿರೂಪಾಕ್ಷನ ಗುಡಿಯ ಆ ಕಿಂಡಿಯ ಪಕ್ಕದಲ್ಲಿ ಇನ್ನೊಂದನ್ನು ಕೊರೆದರೆ ಗೋಡೆಯ ಮೇಲೆ ಎರಡನೆಯ ಗೋಪುರವೊಂದು, ಮೊದಲನೆಯದರಿಂದ ತುಸು ಸರಿದು, ಅದರ ಮೈಮೇಲೆಯೇ ಬೀಳುವುದು. ಹತ್ತು ಕೊರೆದರೆ ಹತ್ತು. ಸಾವಿರ ಕಿಂಡಿಗಳನ್ನು ಒತ್ತೊತ್ತಾಗಿ ಕೊರೆದರೆ ಸಾವಿರ ಗೋಪುರಗಳು ಒಂದರ ಮೇಲೊಂದು ಹೇರಿಕೊಂಡು, ಯಾವುದೂ ಗುರುತು ಸಿಗದಂತೆ ಕಲಸಿಹೋಗಿ, ಬರಿಯ ಬೆಳ್ಳನೆಯ ಹರವು ಉಳಿಯುವುದು. ಸಾವಿರ ಕಿಂಡಿಗಳ ಆ ಗುಂಪಿಗೇ ಕಿಟಕಿಯೆಂದು ಹೆಸರು. ಬೆಳ್ಳನೆಯ ಆ ಹರವಿಗೆ ಹಗಲುಬೆಳಕೆಂದು ಹೆಸರು. ಕಿಟಕಿಯು ಹೊರಗೆ ಏನನ್ನು ಕಾಣುವುದೋ ಅದರ ಕಲಸಿದ ಚಿತ್ರವೇ ಒಳಗಿನ ಬೆಳಕಾದ್ದರಿಂದ, ಕಿಟಕಿ ಇಡುವ ಮುನ್ನ ಆ ಎಡೆಯಲ್ಲಿ ಕಣ್ಣಿಟ್ಟು ನೋಡುವುದು ಒಳ್ಳೆಯದು. ಪಕ್ಕದ ಮನೆಯ ಗಿಲಾವು ಮಾಡದ ಗೋಡೆಯಷ್ಟೇ ಕಂಡರೆ ಕೋಣೆಗೆ ಬರುವುದು ಆ ಗೋಡೆಯ ಮಂಕುತನ. ಆಕಾಶ ಕಂಡರೆ ಆಕಾಶ.

ಆಕಾಶವಿರುವುದು ಮೇಲೆ. ಆದುದರಿಂದ ಕಿಟಕಿಯನ್ನು ಅಗಲಿಸುವುದಕ್ಕಿಂತ ಎತ್ತರಿಸುವುದು ಬೆಳಕಿಗೆ ಲಾಭಕರ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡು ಪಟ್ಟು, ಹೆಚ್ಚೆಂದರೆ ಎರಡೂವರೆ ಪಟ್ಟು ದೂರದವರೆಗೆ ಓದುಬರಹಕ್ಕೆ ಸಾಲುವ ಬೆಳಕು ಒಳಗೆ ಹೋಗುವುದೆಂಬುದು ಕಟ್ಟಡಶಾಸ್ತ್ರದವರ ಒರಟು ಲೆಕ್ಕ. ಏಳು ಅಡಿಯ ಲಿಂಟಲಿಗೆ ಹದಿನಾಲ್ಕರಿಂದ ಹದಿನೇಳು ಅಡಿ. ಅದಕ್ಕಿಂತ ಆಳವಾದ ಪಡಸಾಲೆಯ ಕೊನೆಯಲ್ಲಿ ಹಗಲು ಹೊತ್ತೇ ದೀಪ ಉರಿಯುತ್ತಿದ್ದರೆ, ಅದಕ್ಕೆ ಮೇಸ್ತ್ರಿಯನ್ನು ಬೈದು ಫಲವಿಲ್ಲ.

ಬೆಳಕು ಒಳಗೆ ಬರಲು ಹೊರಹೋಗುವ ದಾರಿಯನ್ನು ಕೇಳುವುದಿಲ್ಲವೆಂಬುದನ್ನು ಇಲ್ಲಿಯೇ ಗಮನಿಸಬೇಕು. ಗುಡಿಯ ಕೋಣೆಗೆ ಕಿಂಡಿ ಒಂದೇ. ಗೋಪುರಕ್ಕೆ ಅಷ್ಟೇ ಸಾಕಾಯಿತು. ಒಳಬಂದ ಬೆಳಕು ನೆಲಕ್ಕೂ ಗೋಡೆಗೂ ಹಾಸಿಗೆಗೂ ಇಂಗಿ, ಕಾವಾಗಿ ಮಾರ್ಪಟ್ಟು, ಅಲ್ಲಿಯೇ ಬಿಡಾರ ಹೂಡುವುದು. ಬಿಸಿಯಾದ ಆ ವಸ್ತುಗಳು ತಾವೂ ಒಂದು ಬಗೆಯ ಕಣ್ಣಿಗೆ ಕಾಣದ ಕಿರಣಗಳನ್ನು ಸೂಸುವುವು. ಇನ್‌ಫ್ರಾರೆಡ್ ಎಂದು ಹೇಳುವ ಇವುಗಳನ್ನು ನಾವು ಬೇಗೆಕಿರಣಗಳೆಂದು ಕರೆಯೋಣ. ಬಿಸಿಲಿಗೆ ಗಾಜು ಪಾರದರ್ಶಕ, ಬೇಗೆಕಿರಣಕ್ಕೆ ಅಪಾರದರ್ಶಕ. ಒಳಗೆ ಬರುವಾಗ ಬೆಳಕಿನ ವೇಷದಲ್ಲಿ ಬಂದದ್ದು ಹೊರಡುವಾಗ ವೇಷ ಬದಲಿಸಿರುವುದರಿಂದ ಗಾಜಿನ ಕಾವಲುಗಾರ ಅದನ್ನು ಬಿಡಲೊಲ್ಲನು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಬಾಗಿಲನ್ನು ತೆರೆದಾಗ ಮುಖಕ್ಕೆ ಹೊಡೆಯುವುದು ಇದೇ ಸೆರೆಯ ಕಾವು. ನೇರ ಬಿಸಿಲು ಲಂಬವಾಗಿ ಬಿದ್ದಾಗ ಒಂದು ಚದರ ಮೀಟರಿನ ಮೇಲೆ ಇಳಿಯುವ ಶಕ್ತಿ ಸುಮಾರು 1000 ವ್ಯಾಟ್. ಎಂದರೆ ಒಂದು ಇಸ್ತ್ರಿಪೆಟ್ಟಿಗೆಯಷ್ಟು. ಪಡುವಣ ಗೋಡೆಯಲ್ಲಿ ಆರಡಿ ಅಗಲದ ಗಾಜನ್ನಿಟ್ಟು ಮೇ ತಿಂಗಳ ಸಂಜೆ ನಾಲ್ಕಕ್ಕೆ ಅದರ ಹಿಂದೆ ಕುಳಿತವನು, ನಡುಮನೆಯಲ್ಲಿ ಎರಡು ಇಸ್ತ್ರಿಪೆಟ್ಟಿಗೆಗಳನ್ನು ಕಾಯಿಸಿಟ್ಟುಕೊಂಡು ಕುಳಿತಂತೆಯೇ ಸರಿ.

ಹೊಸಪೇಟೆಯ ಸೂರ್ಯ

ಹೊಸಪೇಟೆ, ಹಂಪೆ, ಕಂಪ್ಲಿ, ಸಂಡೂರುಗಳೆಲ್ಲವೂ ಸಮಭಾಜಕದಿಂದ ಉತ್ತರಕ್ಕೆ ಹದಿನೈದು ಡಿಗ್ರಿಯ ಆಸುಪಾಸಿನಲ್ಲಿರುವ ಊರುಗಳು. ಮೇ ತಿಂಗಳ ಮೊದಲ ದಿನಗಳಲ್ಲಿಯೂ ಆಗಸ್ಟಿನ ಎರಡನೆಯ ವಾರದಲ್ಲಿಯೂ ಇಲ್ಲಿ ನಡುಹಗಲ ಸೂರ್ಯನು ನೆತ್ತಿಯ ಮೇಲೆಯೇ ನಿಲ್ಲುವನು; ಆ ನಡುವಿನ ನೂರು ದಿನ ನೆತ್ತಿಯನ್ನೂ ದಾಟಿ ತುಸು ಉತ್ತರಕ್ಕೆ ವಾಲುವನು. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಇಳಿದಾಗಲೂ ಮಧ್ಯಾಹ್ನದ ಎತ್ತರ ಐವತ್ತು ಡಿಗ್ರಿಗೆ ಕಡಿಮೆಯಾಗದು. ಆದ್ದರಿಂದ ದಕ್ಷಿಣದ ಕಿಟಕಿಗೆ ಎರಡು ಅಡಿಯ ಸಜ್ಜಾ ಹಾಕಿದರೆ, ಡಿಸೆಂಬರಿನ ನಡುಹಗಲಿನಲ್ಲಿ ಕೂಡ ಅದರ ನೆರಳು ಎರಡೂವರೆ ಅಡಿ ಕೆಳಗಿಳಿದು, ಉಳಿದ ಅಷ್ಟಿಷ್ಟು ಎಳೆಬಿಸಿಲು ಚಳಿಗಾಲಕ್ಕೆ ಹಿತವಾಗಿ ಒಳಬರುವುದು. ಉತ್ತರಕ್ಕೆ ಅದಕ್ಕಿಂತ ಚಿಕ್ಕ ಸಜ್ಜಾವೇ ಸಾಕು.

ತೊಂದರೆಯೆಲ್ಲ ಪೂರ್ವ ಪಶ್ಚಿಮಗಳದು. ಇಳಿಹೊತ್ತಿನಲ್ಲಿ ಸೂರ್ಯನು ದಿಗಂತದಿಂದ ಮೂವತ್ತು ಡಿಗ್ರಿ ಮೇಲಿರುವಾಗ ಅದೇ ಎರಡು ಅಡಿಯ ಸಜ್ಜಾ ಗೇಣೂವರೆಯಷ್ಟು ನೆರಳನ್ನು ಕೊಟ್ಟು ಕೈಚೆಲ್ಲುವುದು. ಮುಂಜಾನೆಯ ಬಿಸಿಲನ್ನಾದರೂ, ರಾತ್ರಿಯೆಲ್ಲ ತಣಿದ ಮನೆ ತಡೆದುಕೊಂಡೀತು. ಸಂಜೆಯ ಬಿಸಿಲು ಬಂದು ಸೇರುವುದು ಹಗಲೆಲ್ಲ ಕಾದ ಮನೆಗೆ. ಹಂಪೆಯ ಸುತ್ತಲಿನ ಬಂಡೆಗುಡ್ಡಗಳನ್ನು ಬೇಸಗೆಯ ರಾತ್ರಿ ಎಂಟು ಗಂಟೆಗೆ ಅಂಗೈಯಿಂದ ಮುಟ್ಟಿ ನೋಡಿದವರಿಗೆ, ಕಲ್ಲು ಹಗಲಿನ ಕಾವನ್ನು ಎಷ್ಟು ಹೊತ್ತು ಹಿಡಿದಿಡುವುದೆಂದು ಬೇರೆ ಹೇಳಬೇಕಾಗಿಲ್ಲ. ಕಿಟಕಿಯೆದುರಿಗೆ ಬರಿಯ ಕಲ್ಲುಹಾಸಿನ ಅಂಗಳವಿದ್ದರೆ ಅದೂ ಕಿಟಕಿ ‘ಕಾಣುವ’ ವಸ್ತುವೇ. ಬೇವಿನ ಮರವೊಂದು ನಡುವೆ ನಿಂತರೆ ಲೆಕ್ಕವೇ ಬದಲಾಗುವುದು.

ಎಣ್ಣೆಯ ಡಬ್ಬದ ಪಾಠ

ಹೊಸಪೇಟೆಯ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿದ ನನ್ನ ಸ್ನೇಹಿತರೊಬ್ಬರ ಪಡಸಾಲೆಯಲ್ಲಿ, ರಸ್ತೆಗೆ ಅಭಿಮುಖವಾಗಿ, ಮೇಲೆ ಹೇಳಿದಂಥ ಆರಡಿಯ ಪಡುವಣ ಕಿಟಕಿಯಿದೆ. ಜೂನ್ ತಿಂಗಳ ಒಂದು ಸಂಜೆ ಅಲ್ಲಿ ಕುಳಿತಿದ್ದೆವು. ಕಿಟಕಿಯ ಗಾಜುಗಳನ್ನೆಲ್ಲ ಸರಿಸಿತ್ತು. ಹೊರಗೆ ರಸ್ತೆಯಂಚಿನ ಬೇವಿನ ಮರವು ಪಡುವಣ ಗಾಳಿಗೆ ಓಲಾಡುತ್ತಿತ್ತು; ಅದಕ್ಕೆ ಹತ್ತು ಮಾರು ಈಚೆ, ತೆರೆದ ಕಿಟಕಿಯ ತೆಳುಪರದೆ ಮಾತ್ರ ಗೋಡೆಗೆ ಬರೆದ ಚಿತ್ರದಂತೆ ನಿಶ್ಚಲವಾಗಿತ್ತು. ‘ಇದಕ್ಕಿಂತ ದೊಡ್ಡ ಕಿಟಕಿಯನ್ನು ಎಲ್ಲಿಂದ ತರಲಿ?’ ಎಂದು ಅವರು ನೊಂದು ಕೇಳಿದರು.

ಉತ್ತರವು ಅವರ ಅಡಿಗೆಮನೆಯಲ್ಲಿಯೇ ಇತ್ತು. ಎಣ್ಣೆಯ ಹೊಸ ಡಬ್ಬದ ಮೂಲೆಗೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಗುಳುಕ್ ಗುಳುಕ್ ಎಂದು ಬಿಕ್ಕಿ ಬಿಕ್ಕಿ ಬೀಳುವುದು. ಎದುರುಮೂಲೆಗೆ ಇನ್ನೊಂದು ತೂತು ಹೊಡೆದೊಡನೆ ಎಳೆಯಾಗಿ ಧಾರೆಗಟ್ಟುವುದು. ಇದನ್ನು ತಿಳಿಯದ ಗೃಹಿಣಿಯೂ ಇಲ್ಲ, ಕಿರಾಣಿ ಅಂಗಡಿಯವನೂ ಇಲ್ಲ. ಎಣ್ಣೆ ಬಿಟ್ಟ ಜಾಗಕ್ಕೆ ಗಾಳಿ ಬರಬೇಕು. ತೂತೊಂದೇ ಆದರೆ ಬರುವವನೂ ಹೋಗುವವನೂ ಒಂದೇ ಬಾಗಿಲಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಸರದಿಗಾಗಿ ಕಾಯುವರು. ಕೋಣೆಯೂ ತುಂಬಿದ ಡಬ್ಬವೇ. ಬರಿದೆಂದು ನಾವು ಕರೆಯುವ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿರುವ ಗಾಳಿಯನ್ನು ತಕ್ಕಡಿಗೆ ಹಾಕುವುದು ಸಾಧ್ಯವಾದರೆ ಅದು ಮೂವತ್ತು ಕಿಲೋಗಿಂತ ತುಸು ಹೆಚ್ಚೇ ತೂಗೀತು. ಒಳಗಿನ ಈ ಮೂವತ್ತು ಕಿಲೋ ಜಾಗ ಬಿಡದೆ ಹೊರಗಿನ ಗಾಳಿ ಎಲ್ಲಿಗೆ ಬರಬೇಕು? ಬೆಳಕಿಗೆ ಈ ಕಷ್ಟವಿಲ್ಲ. ಕಿಟಕಿ ದೊಡ್ಡದಾದಷ್ಟೂ ಬೆಳಕು ಹೆಚ್ಚುವುದೆಂಬ ಅನುಭವವನ್ನು ಗಾಳಿಗೂ ಅನ್ವಯಿಸಿದ್ದೇ ನನ್ನ ಸ್ನೇಹಿತರ ತಪ್ಪು.

ಹೊಳೆಯ ನಡುವಿನ ಬಂಡೆ

ಗಾಳಿಯನ್ನು ಒಳಕ್ಕೆ ನೂಕುವುದು ಯಾವುದು, ಹೊರಕ್ಕೆ ಎಳೆಯುವುದು ಯಾವುದು ಎಂದು ತಿಳಿಯಬೇಕಾದರೆ ಹಂಪೆಯಲ್ಲಿ ತುಂಗಭದ್ರೆಯ ದಡಕ್ಕೆ ಹೋಗಬೇಕು. ಹೊಳೆ ತುಂಬಿ ಹರಿಯುವಾಗ ನೀರಿನ ನಡುವಿನ ಬಂಡೆಯನ್ನು ದಿಟ್ಟಿಸಿದರೆ, ಪ್ರವಾಹವನ್ನು ಎದುರಿಸುವ ಮಗ್ಗುಲಲ್ಲಿ ನೀರು ಒತ್ತರಿಸಿಕೊಂಡು ಉಬ್ಬಿರುವುದೂ, ಬೆನ್ನ ಹಿಂದೆ ತಗ್ಗಿ ಸುಳಿಗಟ್ಟಿರುವುದೂ ಕಾಣುವುದು. ಮನೆಯು ಗಾಳಿಯ ಹೊಳೆಯ ನಡುವಿನ ಬಂಡೆ. ಗಾಳಿ ಬಡಿವ ಗೋಡೆಯ ಮುಂದೆ ಅದು ಒತ್ತರಿಸಿ ನೂಕುವುದು. ಮರೆಯ ಗೋಡೆಯ ಹಿಂದೆ ಒತ್ತಡ ತಗ್ಗಿ ಎಳೆಯುವುದು. ಉಬ್ಬಿನಲ್ಲಿ ಒಂದು ಕಂಡಿ, ತಗ್ಗಿನಲ್ಲಿ ಇನ್ನೊಂದು ಕಂಡಿ ಇದ್ದರೆ ಮನೆಯ ನಡುವೆ ಕಾಲುವೆ ಹರಿದಂತಾಯಿತು. ಉಬ್ಬಿನಲ್ಲಿಯೇ ಎರಡು ಕಂಡಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟವನು ಅಣೆಕಟ್ಟಿನ ಒಂದೇ ಮಗ್ಗುಲಿನಲ್ಲಿ ಎರಡು ತೂಬುಗಳನ್ನು ಕೊರೆದು, ನೀರು ಒಂದರಿಂದ ಇನ್ನೊಂದಕ್ಕೆ ಹರಿಯಲೆಂದು ಕಾದಂತೆ.

ಇದರಿಂದ ಒಂದು ಉಪಸಿದ್ಧಾಂತ ಹುಟ್ಟುವುದು. ಬರುವ ದಾರಿ, ಹೋಗುವ ದಾರಿಗಳೆರಡರಲ್ಲಿ ಯಾವುದು ಚಿಕ್ಕದೋ ಅದೇ ಯಜಮಾನ. ಹೋಗುವ ಕಂಡಿ ಒಂದು ಚದರಡಿಯಿರುವಾಗ ಬರುವ ಕಿಟಕಿಯನ್ನು ಆರರಿಂದ ಇಪ್ಪತ್ತು ಚದರಡಿಗೆ ಹಿಗ್ಗಿಸಿದರೂ ಗಾಳಿ ಹೆಚ್ಚುವುದು ಲೆಕ್ಕಕ್ಕೆ ಸಿಕ್ಕುವಷ್ಟಲ್ಲ. ಹೆಚ್ಚುವುದು ಸೆಕೆ ಮತ್ತು ಗಾಜಿನವನ ಬಿಲ್ಲು. ಮಲಗುವ ಕೋಣೆಯ ಬಾಗಿಲನ್ನು ರಾತ್ರಿ ಭದ್ರವಾಗಿ ಹಾಕಿಕೊಂಡಾಗ ಅಲ್ಲಿಯ ಕಿಟಕಿಯೂ ಒಂದು ತೂತಿನ ಡಬ್ಬವಾಗುವುದು. ಹಳೆಯ ಸರಕಾರೀ ಕಟ್ಟಡಗಳಲ್ಲಿ ಬಾಗಿಲಿನ ನೆತ್ತಿಯ ಮೇಲೆ, ನಡುವೆ ತಿರುಗುವ, ಹಗ್ಗದಿಂದ ಎಳೆದು ತೆರೆಯುವ ವೆಂಟಿಲೇಟರುಗಳಿದ್ದುದು ಈ ತಿಳಿವಿನಿಂದಲೇ. ಬಾಗಿಲು ಮುಚ್ಚಿ ಮಾನ ಉಳಿಯಿತು, ಮೇಲಿನ ಕಂಡಿ ತೆರೆದು ಗಾಳಿ ಉಳಿಯಿತು. ಇಂದಿನವರು ಜೇಡ ಬಲೆ ಕಟ್ಟುವುದೆಂದು ಅವುಗಳನ್ನು ಬಿಟ್ಟುಬಿಟ್ಟಿದ್ದಾರೆ. ಬಲೆ ತೆಗೆಯುವ ಕೋಲಿನ ಬೆಲೆ ಎಷ್ಟೆಂದು ನಾನು ಕೇಳಿದ್ದುಂಟು.

ಕಂಪ್ಲಿಯ ಅಜ್ಜಿ ಮತ್ತು ತಂಪಿನ ಗಡಿಗೆ

ಹೊರಗೆ ಗಾಳಿಯೇ ಇಲ್ಲದ ದಿನಗಳ ಗತಿಯೇನು? ಕೋಟೆಯೊಳಗಿನ ಹಳೆಯ ಕಂಪ್ಲಿಯಂಥ ಊರುಗಳ ಮಾಳಿಗೆ ಮನೆಗಳನ್ನು ಕಟ್ಟಿದವರು ಅದಕ್ಕೂ ಉಪಾಯ ಮಾಡಿದ್ದರು. ದಪ್ಪನೆಯ ಮಣ್ಣಿನ ಗೋಡೆ, ಬಗ್ಗಿ ಹೋಗಬೇಕಾದ ಬಾಗಿಲು, ಬೆರಳೆಣಿಕೆಯ ಚಿಕ್ಕ ಕಿಟಕಿಗಳು; ತೊಲೆ ಜಂತೆಗಳ ಮೇಲೆ ಮಣ್ಣು ಹರಡಿ ಬಡಿದ ಮಾಳಿಗೆ; ಮಾಳಿಗೆಯ ನಡುವೆ ಮೊಳದಗಲದ ಗವಾಕ್ಷಿ. ಮಳೆ ಬಂದಾಗ ಅದರ ಮೇಲೆ ಚಪ್ಪಡಿಯನ್ನೋ ತಗಡನ್ನೋ ಎಳೆಯುವರು.

ಬಿಸಿಯಾದ ಗಾಳಿ ಹಿಗ್ಗಿ ಹಗುರಾಗುವುದು. ಹತ್ತು ಡಿಗ್ರಿ ಬಿಸಿಯಾದರೆ, ನಮ್ಮ ಕೋಣೆಯ ಮೂವತ್ತು ಕಿಲೋದಲ್ಲಿ ಸುಮಾರು ಒಂದು ಕಿಲೋ ಕಡಿಮೆಯಾಗುವುದು. ಆ ಒಂದು ಕಿಲೋದ ಹಗುರವೇ ಗಾಳಿಯನ್ನು ಎತ್ತುವ ರಾಟೆ. ರಾತ್ರಿಯಲ್ಲಿ, ಹೊರಗಿಗಿಂತ ಒಳಗೆ ಬೆಚ್ಚಗಿರುವಾಗ, ಹಗುರವಾದ ಗಾಳಿ ಗವಾಕ್ಷಿಯಿಂದ ಮೇಲಕ್ಕೆ ಹೋಗುವುದು. ಅದರ ಜಾಗಕ್ಕೆ ತಲೆಬಾಗಿಲಿನಿಂದ, ಹಿತ್ತಲಬಾಗಿಲಿನಿಂದ ತಣ್ಣನೆಯ ಗಾಳಿ ನೆಲಕ್ಕಂಟಿ ಒಳಬರುವುದು. ಇಂಗ್ಲಿಷಿನಲ್ಲಿ ಸ್ಟ್ಯಾಕ್ ಎಫೆಕ್ಟ್ ಎನ್ನುವ ಇದಕ್ಕೆ ಹೊಗೆಗೂಡಿನ ಸೆಳೆತವೆಂದು ಹೆಸರಿಡೋಣ. ಎರಡು ಕಂಡಿಗಳ ನಡುವಿನ ಎತ್ತರವೂ ಒಳಹೊರಗಿನ ಬಿಸಿಯ ಅಂತರವೂ ಹೆಚ್ಚಿದಂತೆ ಸೆಳೆತ ಬಲವಾಗುವುದು, ಆದರೆ ನಿಧಾನವಾಗಿ: ಎತ್ತರವನ್ನು ನಾಲ್ಕು ಪಟ್ಟು ಮಾಡಿದರೆ ಗಾಳಿ ಎರಡು ಪಟ್ಟು. ಇಲ್ಲಿಯೂ ಬೇಕಾದದ್ದು ಎರಡು ಕಂಡಿ. ಒಂದರ ಪಕ್ಕ ಒಂದರ ಬದಲು ಒಂದರ ಮೇಲೊಂದು, ಅಷ್ಟೇ ವ್ಯತ್ಯಾಸ.

ಇನ್ನು ಮಧ್ಯಾಹ್ನದ ಕಥೆ. ಬಾಲ್ಯದಲ್ಲಿ ಕಂಪ್ಲಿಯ ನಂಟರ ಮನೆಗೆ ಬೇಸಗೆ ರಜೆಗೆ ಹೋದಾಗ, ನಡುಹಗಲಿನಲ್ಲಿ ಆಟಕ್ಕೆಂದು ಓಡುವ ನಮ್ಮ ಬೆನ್ನಿಗೆ ಅಲ್ಲಿಯ ಅಜ್ಜಿ ದಿನವೂ ತಪ್ಪದೆ, ‘ಬಾಗಿಲು ಹಾಕಪ್ಪಾ, ಮನಿಯಾಗಿನ ತಂಪು ಹೋಗ್ತೈತಿ’ ಎಂದು ಕೂಗುತ್ತಿದ್ದಳು. ‘ಬಿಸಿ ಬರ್ತೈತಿ’ ಎನ್ನದೆ ‘ತಂಪು ಹೋಗ್ತೈತಿ’ ಎಂದೇಕೆ ಅನ್ನುವಳೆಂದು ನಾನು ಬಹುಕಾಲ ಯೋಚಿಸಿದ್ದುಂಟು. ಭೌತಶಾಸ್ತ್ರ ಓದಿದ ಮೇಲೆ ತಿಳಿಯಿತು, ಆಕೆ ಹೇಳಿದ್ದು ಅಕ್ಷರಶಃ ನಿಜವೆಂದು. ರಾತ್ರಿ ತಣಿದ ದಪ್ಪಗೋಡೆಯ ಮನೆ ನಡುಹಗಲಿನಲ್ಲಿ ಹೊರಗಿಗಿಂತ ತಣ್ಣಗಿರುವುದು. ತಣ್ಣನೆಯ ಗಾಳಿ ಭಾರ. ಭಾರವಾದದ್ದು ಗಡಿಗೆಯ ನೀರಿನಂತೆ ಕೆಳಗೆ ನೆಲೆನಿಲ್ಲುವುದು. ಕೆಳಗಿನ ಬಾಗಿಲನ್ನು ತೆರೆದರೆ ಗಡಿಗೆಯ ಬುಡಕ್ಕೆ ತೂತು ಹೊಡೆದಂತೆ: ತಂಪು ಹೊಸ್ತಿಲ ಮೇಲಿನಿಂದ ಬೀದಿಗೆ ಹರಿದುಹೋಗುವುದು, ಅದರ ಜಾಗಕ್ಕೆ ಗವಾಕ್ಷಿಯಿಂದ ಕುದಿಗಾಳಿ ಇಳಿಯುವುದು. ರಾತ್ರಿಯ ಕಾಲುವೆ ಹಗಲಿನಲ್ಲಿ ಹಿಂದು ಮುಂದಾಗಿ ಹರಿಯುವುದು! ಉರಿಬಿಸಿಲಿನಲ್ಲಿ ಕಲ್ಲಿನ ಗುಡಿಯೊಂದರ ಒಳಬಾಗಿಲ ಮುಂದೆ ಬರಿಗಾಲಿನಲ್ಲಿ ನಿಂತವರು ಪಾದಗಳಿಗೆ ಮಾತ್ರ ತಂಪು ಸೋಕಿದ್ದನ್ನು ನೆನೆಯಬಹುದು. ನಡುಹಗಲಿನಲ್ಲಿ ಕೆಳಗಿನ ಬಾಗಿಲು ಕಿಟಕಿಗಳನ್ನೆಲ್ಲ ಹಾಕಿದರೆ, ಮೇಲೆ ಗವಾಕ್ಷಿ ತೆರೆದಿದ್ದರೂ ಬುಡ ಭದ್ರವಾದ ಗಡಿಗೆಯ ತಂಪು ಒಳಗೇ ಉಳಿಯುವುದು; ಬೆಳಕಿಗೆ ಆ ಒಂದು ಕಿಂಡಿಯೇ ಸಾಕು. ಸಂಜೆಯಾದ ಮೇಲೆ ಎಲ್ಲವನ್ನೂ ತೆರೆದು, ಅಂಗಳಕ್ಕೆ ನೀರು ಚಿಮುಕಿಸಿ, ಬೆಳಗಿನ ಜಾವದ ತಂಪನ್ನು ಗೋಡೆಗಳಿಗೆ ಕುಡಿಸುವರು. ಹೊರಗೆ ನಲವತ್ತು ಡಿಗ್ರಿಯಿರುವಾಗ ಕಿಟಕಿ ತೆರೆದಿಟ್ಟು ‘ಗಾಳಿ ಬರಲಿ’ ಎನ್ನುವ ನಮ್ಮನ್ನು ಆ ಅಜ್ಜಿ ಏನೆಂದು ಕರೆಯುತ್ತಿದ್ದಳೋ.

ನೀರಾವರಿಯ ಕಂಪ್ಲಿಯಲ್ಲಿ ಈ ಲೆಕ್ಕಕ್ಕೆ ಒಂದು ತೊಡಕುಂಟು. ಕಿಟಕಿ ತೆರೆಯಬೇಕಾದ ಮುಸ್ಸಂಜೆಯೇ ಭತ್ತದ ಗದ್ದೆಗಳ ಸೊಳ್ಳೆಗೂ ಮುಹೂರ್ತ. ಸೊಳ್ಳೆಪರದೆಯ ಜಾಲರಿಯು ಗಾಳಿಯ ಗಣನೀಯ ಭಾಗವನ್ನು ತಡೆಯುವುದರಿಂದ, ಜಾಲರಿ ಹಾಕುವ ಕಂಡಿಗಳನ್ನು ಮೊದಲೇ ದೊಡ್ಡದಾಗಿ ಎಣಿಸಿಕೊಳ್ಳಬೇಕು. ಸಂಡೂರಿನ ಗಣಿದಾರಿಯ ಊರುಗಳಲ್ಲಿ ತೊಡಕು ಕೆಂಧೂಳಿನದು. ಆದರೆ ಕಣಿವೆಯ ಊರಿಗೆ ಒಂದು ಸೌಭಾಗ್ಯವೂ ಉಂಟು: ರಾತ್ರಿ ಬೆಟ್ಟದ 

ಮೈ ತಣಿದು ಅದಕ್ಕಂಟಿದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕೆಳಕ್ಕೆ ಜಾರುವುದು. ಬಳ್ಳಾರಿಯ ದಂಡಿನ ಸೈನಿಕರಿಗೆಂದು ಬ್ರಿಟಿಷರು ಆರೋಗ್ಯಧಾಮ ಮಾಡಿಕೊಂಡಿದ್ದ ರಾಮನದುರ್ಗದ ಎತ್ತರ ಎಲ್ಲರಿಗೂ ಸಿಗದಿದ್ದರೂ, ರಸ್ತೆಯ ಕಡೆಯದನ್ನು ಚಿಕ್ಕದಾಗಿಸಿ ಬೆಟ್ಟದ ಕಡೆಯ ಕಿಟಕಿಯನ್ನು ರಾತ್ರಿಗೆ ಮೀಸಲಿಟ್ಟರೆ ಅಂಥ ತಂಪಿನ ಒಂದು ತುಣುಕು ಕೆಳಗಿನವರಿಗೂ ದಕ್ಕೀತು.

ಬೆಳಕು ಬಾಗದು, ಗಾಳಿ ಬಾಗುವುದು

ಸಂಸ್ಕೃತದಲ್ಲಿ ಕಿಟಕಿಗೆ ಗವಾಕ್ಷವೆಂದೂ ಹೆಸರು, ವಾತಾಯನವೆಂದೂ ಹೆಸರು; ಒಂದರಲ್ಲಿ ಗೋವಿನ ಕಣ್ಣು, ಇನ್ನೊಂದರಲ್ಲಿ ಗಾಳಿಯ ದಾರಿ. ಕನ್ನಡದ ಬೆಳಕಿಂಡಿಯಲ್ಲಿ ಬೆಳಕಿನ ಕಿಂಡಿ. ಇಂಗ್ಲಿಷಿನ ವಿಂಡೋ ಶಬ್ದದ ಹಿಂದೆಯೂ ‘ಗಾಳಿಗಣ್ಣು’ ಎಂಬರ್ಥದ ಹಳೆಯ ನಾರ್ಸ್ ಪದವಿದೆ. ಕಣ್ಣೊಂದು, ದಾರಿಯೊಂದು, ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಬೇಕಾದಾಗಲೇ ಜಾಣತನದ ಪರೀಕ್ಷೆ. ನಮ್ಮ ಸೀಮೆಯಲ್ಲಿ ಮುಂಗಾರಿನ ಗಾಳಿ ಬರುವುದೂ ಪಡುವಣದಿಂದ, ಸಂಜೆಯ ಬೇಗೆ ಬರುವುದೂ ಪಡುವಣದಿಂದ. ಗೋಡೆಯನ್ನು ಮುಚ್ಚಿದರೆ ಗಾಳಿಗೆ ನಷ್ಟ, ತೆರೆದರೆ ಬೇಗೆಗೆ ಲಾಭ.

ಬಿಡಿಸುವ ಕೀಲಿ ವಿರೂಪಾಕ್ಷನ ಗುಡಿಯಲ್ಲಿಯೇ ಸಿಕ್ಕಿತ್ತು. ಬೆಳಕು ನೆಟ್ಟಗೆ ನಡೆವುದು, ಬಾಗಲಾರದು; ಗಾಳಿಯೋ ಒತ್ತಡವಿದ್ದರೆ ಮೂಲೆ ತಿರುಗಿ, ಸಂದಿಯಲ್ಲಿ ನುಸುಳಿ, ಹೇಗಾದರೂ ಬಂದು ಸೇರುವುದು. ಹಾಗಾದರೆ ನೆಟ್ಟನೆಯ ದಾರಿಯನ್ನು ಮುರಿದು ಡೊಂಕು ದಾರಿಯನ್ನು ಉಳಿಸಿದರಾಯಿತು. ಐಹೊಳೆಯ ಲಾಡ್ ಖಾನ್ ಗುಡಿಯ ಕಲ್ಲಿನ ಜಾಲಂಧ್ರಗಳೂ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಮುಂದೆ ಎರಡನೆಯ ಬಲ್ಲಾಳನ ಕಾಲದಲ್ಲಿ ಸೇರಿಸಿದ ಜಾಲಂಧ್ರಗಳೂ, ಕಟ್ಟಿದವರ ಉದ್ದೇಶ ಏನೇ ಇರಲಿ, ಮಾಡುವ ಕೆಲಸ ಇದೇ. ಕಲ್ಲಿಗೆ ದಪ್ಪವಿರುವುದರಿಂದ ಪ್ರತಿಯೊಂದು ತೂತೂ ಒಂದು ಕಿರುಸುರಂಗ. ಓರೆಯಾಗಿ ಬಂದ ಬಿಸಿಲು ಸುರಂಗದ ಗೋಡೆಗೆ ಬಡಿದು ಅಲ್ಲಿಯೇ ಸೋಲುವುದು, ಗಾಳಿ ದಾಟಿಹೋಗುವುದು. ತಿರುವನಂತಪುರದಲ್ಲಿ ಲಾರಿ ಬೇಕರ್ ಇಟ್ಟಿಗೆಗಳನ್ನೇ ಸಂದು ಬಿಟ್ಟು ಜೋಡಿಸಿ ಜಾಲಿಗೋಡೆಗಳನ್ನು ಕಟ್ಟಿ, ಕಿಟಕಿಯ ಮರದ ಖರ್ಚನ್ನೂ ಉಳಿಸಿ ತೋರಿಸಿದರು. ಹಂಪೆಯ ಕಮಲ ಮಹಲಿನ ಕೆಳಗಿನ ನೆಲೆಯಲ್ಲಿ ನಿಂತು ನೋಡಿರಿ. ಎಲ್ಲ ದಿಕ್ಕಿಗೂ ತೆರೆದ ಕಮಾನುಗಳು, ಆದುದರಿಂದ ಗಾಳಿ ಎತ್ತ ತಿರುಗಿದರೂ ಬರುವ ದಾರಿಯೊಡನೆ ಹೋಗುವ ದಾರಿ ಸಿದ್ಧ. ಕಂಬಗಳ ದಪ್ಪ, ಕಮಾನಿನೊಳಗಣ ಕಮಾನಿನ ಆಳ, ಮೇಲೆ ಚಾಚಿದ ಕಪೋತ, ಇವು ಬಿಸಿಲನ್ನು ಹೊರಗೇ ನಿಲ್ಲಿಸುವುವು.

ಮನೆಯ ಪಡುವಣ ಗೋಡೆಗೆ ಕಮಲ ಮಹಲು ಬೇಕಾಗಿಲ್ಲ. ಓರೆಪಟ್ಟಿಗಳ ಮರದ ಕದವೊಂದು, ಇಲ್ಲವೆ ಮುಂದೆ ಒಂದು ಪಡಸಾಲೆ, ಏನೂ ಆಗದಿದ್ದರೆ ಹೊಂಗೆಯೋ ಬೇವೋ ಒಂದು ಮರ. ಬಿಸಿಲನ್ನು ಗಾಜಿನ ಹೊರಗೆ ತಡೆಯಬೇಕೆಂಬುದು ಮಾತ್ರ ಮರೆಯದಿರಲಿ. ಒಳಗಿನ ಪರದೆಯನ್ನು ಮುಟ್ಟಿದ ಬಿಸಿಲು ಆಗಲೇ ಮನೆಯೊಳಗಿನ ಕಾವಾಗಿರುವುದು.

ಬಡಗಿಯ ಮುಂದೆ

ಈಗ ಅಂಗಡಿಗೆ ಹೋಗಬಹುದು. ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಅಲ್ಯೂಮಿನಿಯಂ ಮತ್ತು ಯುಪಿವಿಸಿಯ ಸ್ಲೈಡಿಂಗ್ ಕಿಟಕಿಗಳು. ನುಣ್ಣಗೆ ಜಾರುವುವು, ಜಾಗ ತಿನ್ನುವುದಿಲ್ಲ, ಧೂಳಿನ ಊರಿಗೆ ಬಿಗಿಯಾಗಿಯೂ ಇವೆ. ಆದರೆ ಒಂದು ಗಾಜು ಇನ್ನೊಂದರ ಹಿಂದೆ ಸರಿಯುವುದರಿಂದ ಎರಡು ಗಾಜಿನ ಸ್ಲೈಡಿಂಗ್ ಕಿಟಕಿ ಎಂದಿಗೂ ತೆರೆಯುವುದು ಅರ್ಧವೇ. ಆರಡಿಗೆ ಹಣ ತೆತ್ತವನಿಗೆ ದೊರೆಯುವ ಗಾಳಿದಾರಿ ಮೂರಡಿ, ಬೆಳಕೂ ಬೇಗೆಯೂ ಆರಡಿ. ತಿರುಗಣಿಯ ಕದವಾದರೆ ಪೂರ್ತಿ ತೆರೆಯುವುದು. ಅಲ್ಲದೆ, ಗೋಡೆಗೆ ಒರಸಿಕೊಂಡು ಹೋಗುವ ಗಾಳಿಯನ್ನು ತೆರೆದ ಕದವು ಅಡ್ಡಗಟ್ಟಿ ಒಳಕ್ಕೆ ತಿರುಗಿಸುವುದು. ಇದಕ್ಕಾಗಿ ಗಾಳಿ ಬರುವ ಕಡೆ ಬಾಯ್ದೆರೆಯುವಂತೆ ತಿರುಗಣಿಯನ್ನು ಆಚೆಯ ಅಂಚಿಗೆ ಹಾಕಿಸಬೇಕು. ಬಡಗಿಗೆ ಇದು ಹೇಳದೆ ಹೊಳೆಯುವ ಮಾತಲ್ಲ, ಹೇಳಿದರೆ ಹೆಚ್ಚಿನ ಕೂಲಿಯೂ ಇಲ್ಲ.

ಒಂದೇ ಹೊರಗೋಡೆಯುಳ್ಳ ಕೋಣೆಗೆ ಅಗಲವಾದ ಗಿಡ್ಡ ಕಿಟಕಿಗಿಂತ ಕಿರಿದಾದ ಉದ್ದ ಕಿಟಕಿ ಮೇಲು. ಅದರ ಕೆಳಭಾಗದಿಂದ ತಂಪು ಬಂದು ಮೇಲ್ಭಾಗದಿಂದ ಬಿಸಿ ಹೋಗುವುದರಿಂದ ಒಂದೇ ತೂತು ಎರಡರ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡೀತು. ಕಿಟಕಿಯ ಕೆಳದಂಡೆ ಮಂಚದ ಮಟ್ಟಕ್ಕಿಂತ ಬಹಳ ಮೇಲಿದ್ದರೆ ಗಾಳಿ ಮಲಗಿದವನ ನೆತ್ತಿಯ ಮೇಲೆ ಹಾರಿಹೋಗುವುದು. ಬಾಗಿಲಿನ ಮರದ ವಿಷಯ ಒಂದೇ ಮಾತು: ಮರವು ಮಳೆಗಾಲದ ತೇವವನ್ನು ಹೀರಿದಾಗ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಉಬ್ಬುವುದು ಹೆಚ್ಚು. ಬಾಗಿಲು ಚೌಕಟ್ಟಿಗೆ ಬಿಗಿಯುವುದು ಅದಕ್ಕೆ. ಎದುರಿಗೆ ಕಾಣುವ ಮೈಗೆಲ್ಲ ಮೂರು ಕೈ ವಾರ್ನಿಷ್ ಹೊಡೆಸಿ, ಕದದ ತಲೆ ಮತ್ತು ಬುಡದ ಅಂಚುಗಳನ್ನು ಹಾಗೆಯೇ ಬಿಡುವವರೇ ಹೆಚ್ಚು. ಮರದ ನಾಳಗಳ ಬಾಯಿ ತೆರೆದಿರುವುದು ಆ ಅಂಚುಗಳಲ್ಲಿ, ನೀರು ಕುಡಿಯುವುದೂ ಅಲ್ಲಿಯೇ.

ನನ್ನ ಹೊಸಪೇಟೆಯ ಸ್ನೇಹಿತರು ಕಿಟಕಿಯನ್ನು ಬದಲಿಸಲಿಲ್ಲ. ಅದಕ್ಕೆ ಈಗಾಗಲೇ ಬಹಳ ಖರ್ಚಾಗಿತ್ತು. ಮೇಸ್ತ್ರಿಯನ್ನು ಕರೆಯಿಸಿ ಒಳಕೋಣೆಯ ಬಾಗಿಲಿನ ಮೇಲೊಂದು, ಆ ಕೋಣೆಯ ಮೂಡಣ ಗೋಡೆಯಲ್ಲಿ ಸೂರಿನ ಕೆಳಗೊಂದು, ಎರಡಡಿ ಅಗಲದ ಕಂಡಿಗಳನ್ನು ಒಡೆಸಿದರು. ಪಡುವಣ ಕಿಟಕಿಯ ಅರ್ಧಕ್ಕೆ ಹೊರಗಿನಿಂದ ಬಿದಿರಿನ ತಟ್ಟಿ ಇಳಿಬಿಟ್ಟರು. ಸಿಮೆಂಟು ಒಣಗಿದ ಸಂಜೆ ನಾನು ಹೋದಾಗ, ಪಡಸಾಲೆಯಲ್ಲಿ ಊದಬತ್ತಿಯೊಂದನ್ನು ಹಚ್ಚಿ ನಿಲ್ಲಿಸಿದೆವು. ಹೊಗೆಯ ಎಳೆ ಮೊಳದೆತ್ತರ ನೆಟ್ಟಗೆ ಎದ್ದು, ಅಲ್ಲಿ ಯೋಚಿಸುವಂತೆ ಒಮ್ಮೆ ನಡುಗಿ, ಬಾಗಿಲಿನ ಮೇಲಿನ ಕಂಡಿಯತ್ತ ಬಾಗಿತು. ತೆಳುಪರದೆಯ ಅಂಚು ಅಲುಗಿತು. ಗೋಡೆಯ ಕ್ಯಾಲೆಂಡರು ಪಟಪಟನೆ ಬಡಿದುಕೊಂಡಿತು. ಸ್ನೇಹಿತರು ಹಿಗ್ಗಿ ಒಳಗಿನವರನ್ನು ಕೂಗಿದರು. ಅವರ ಮನೆಯವರು ಸೆರಗಿಗೆ ಕೈ ಒರಸಿಕೊಳ್ಳುತ್ತ ಬಂದು ಒಂದು ಕ್ಷಣ ನಿಂತು ಮೂಗರಳಿಸಿ, ‘ಎದುರು ಮನಿಯಾಗ ಇವತ್ತೂ ಒಣಮೀನಾ ಏನು?’ ಎಂದರು.